ಯುರೋಪಿನ ವಿದ್ಯುತ್ ಬೆಲೆ

ಯುರೋಪಿನ ಸಗಟು ವಿದ್ಯುತ್ ಬೆಲೆ ಇಂದು ಮುಖ್ಯವಾಗಿ ಹರಾಜಿನಲ್ಲಿ ನಿರ್ಧಾರವಾಗುತ್ತದೆ. 1990ಕ್ಕೆ ಮೊದಲು ಬಹುತೇಕ ದೇಶಗಳಲ್ಲಿ ಉತ್ಪಾದನೆಯಿಂದ ವಿತರಣೆಯವರೆಗೆ ಏಕಸ್ವಾಮ್ಯದ ಸಂಸ್ಥೆಗಳ ಹಿಡಿತವಿತ್ತು. ತಗಲಿದ ವೆಚ್ಚವನ್ನು ಲೆಕ್ಕ ಹಾಕಿ ದರ ಗೊತ್ತುಪಡಿಸುತ್ತಿದ್ದರು. 1973ರ ತೈಲ ಬಿಕ್ಕಟ್ಟಿನ ಬಳಿಕ, 1974ರಲ್ಲಿ ಫ್ರಾನ್ಸಿನ ಪ್ರಧಾನಿ ಪಿಯರ್ ಮೆಸ್ಮೆರ್ ಬೃಹತ್ ಪರಮಾಣು ವಿದ್ಯುತ್ ಯೋಜನೆಯನ್ನು ಪ್ರಕಟಿಸಿದರು. ನಾರ್ವೆ ಜಲವಿದ್ಯುತ್ತನ್ನು, ಪೋಲೆಂಡ್ ಕಲ್ಲಿದ್ದಲನ್ನು ನೆಚ್ಚಿಕೊಂಡಿದ್ದವು.

ಮಾರುಕಟ್ಟೆಯ ಉದಯ

1990ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್, ಮರುವರ್ಷ ನಾರ್ವೆ ಮಾರುಕಟ್ಟೆಯನ್ನು ತೆರೆದವು. 1996ರಲ್ಲಿ ನಾರ್ವೆ–ಸ್ವೀಡನ್ ಜಂಟಿ ವಿದ್ಯುತ್ ವಿನಿಮಯ ಕೇಂದ್ರ ಆರಂಭವಾಯಿತು. ಅದೇ ವರ್ಷ ಐರೋಪ್ಯ ಒಕ್ಕೂಟದ ಮೊದಲ ವಿದ್ಯುತ್ ನಿರ್ದೇಶನವೂ ಹೊರಬಿತ್ತು.

ಬೆಲೆ ಕಟ್ಟುವ ಬಗೆ

ಮರುದಿನದ ವಿದ್ಯುತ್ತಿಗೆ ಹಿಂದಿನ ದಿನ ಮಧ್ಯಾಹ್ನ 12ರೊಳಗೆ ಬಿಡ್ ಸಲ್ಲಿಸಬೇಕು. ಅಗ್ಗದ ಬಿಡ್‌ಗಳಿಗೆ ಮೊದಲ ಸರದಿ: ಗಾಳಿ, ಬಿಸಿಲು, ನಂತರ ಪರಮಾಣು, ಕೊನೆಗೆ ಕಲ್ಲಿದ್ದಲು ಮತ್ತು ಅನಿಲ. ಬೇಡಿಕೆ ಪೂರೈಸಲು ಬೇಕಾದ ಕಡೆಯ ಸ್ಥಾವರದ ಬೆಲೆಯೇ ಎಲ್ಲರಿಗೂ ಸಿಗುತ್ತದೆ. ಹೀಗಾಗಿ ಒಟ್ಟು ಉತ್ಪಾದನೆಯಲ್ಲಿ ಅನಿಲದ ಪಾಲು ಕಡಿಮೆಯಿದ್ದರೂ, ಬೆಲೆಯ ಮೇಲೆ ಅದರ ಪ್ರಭಾವ ದೊಡ್ಡದು. 2005ರಲ್ಲಿ ಜಾರಿಗೆ ಬಂದ ಇಂಗಾಲ ಪರವಾನಗಿ ವ್ಯವಸ್ಥೆ ಕಲ್ಲಿದ್ದಲು, ಅನಿಲ ಎರಡರ ವೆಚ್ಚವನ್ನೂ ಏರಿಸಿತು.

2022ರ ಬಿಕ್ಕಟ್ಟು

ಉಕ್ರೇನ್ ಮೇಲೆ ರಷ್ಯಾ ದಾಳಿ ನಡೆಸಿದ ಮೇಲೆ ಅನಿಲ ಪೂರೈಕೆ ಕುಸಿಯಿತು. ಅದೇ ವರ್ಷ ಫ್ರಾನ್ಸಿನ ಹಲವು ರಿಯಾಕ್ಟರುಗಳು ಕೊಳವೆಗಳ ತುಕ್ಕಿನ ತೊಂದರೆಯಿಂದ ನಿಂತವು. ಬರದಿಂದ ಜಲಾಶಯಗಳೂ ಸೊರಗಿದವು. ಆಗಸ್ಟಿನಲ್ಲಿ ಜರ್ಮನಿಯ ಸರಾಸರಿ ಸಗಟು ಬೆಲೆ ಮೆಗಾವ್ಯಾಟ್ ಗಂಟೆಗೆ 450 ಯೂರೋ ದಾಟಿತು. ಸ್ಪೇನ್, ಪೋರ್ಚುಗಲ್ ವಿದ್ಯುತ್ತಿಗೆ ಬಳಸುವ ಅನಿಲದ ಬೆಲೆಗೆ ಜೂನ್‌ನಲ್ಲೇ ಮಿತಿ ಹಾಕಿ ಹೊಡೆತವನ್ನು ತಗ್ಗಿಸಿಕೊಂಡಿದ್ದವು.

ನವೀಕರಿಸಬಹುದಾದ ಇಂಧನ

ಜರ್ಮನಿ 2000ದಲ್ಲಿ ತಂದ ಕಾಯ್ದೆ ಗಾಳಿ, ಸೌರ ವಿದ್ಯುತ್ತಿಗೆ ಖಾತರಿ ದರ ಕೊಟ್ಟಿತು; ಅದರ ಹೊರೆ 2022ರವರೆಗೆ ಗ್ರಾಹಕರ ಬಿಲ್ಲಿನ ಮೇಲಿತ್ತು. ಈ ಖಾತರಿಯಿಂದ ಬಂದ ಹೂಡಿಕೆಯ ಫಲವಾಗಿ ಸಗಟು ಬೆಲೆ ಇಳಿದರೂ ಏರುಪೇರು ಹೆಚ್ಚಿತು. 2024ರಲ್ಲಿ ಅಲ್ಲಿ 457 ಗಂಟೆಗಳ ಕಾಲ ಬೆಲೆ ಸೊನ್ನೆಗಿಂತ ಕೆಳಗಿತ್ತು. ಗಾಳಿ, ಬಿಸಿಲು ಎರಡೂ ಕೈಕೊಟ್ಟ ಡಿಸೆಂಬರ್ 12ರ ಸಂಜೆ 936 ಯೂರೋಗೆ ಜಿಗಿಯಿತು. ಆದ್ದರಿಂದ ಅಗ್ಗದ ವಿದ್ಯುತ್ತನ್ನು ಉತ್ಪಾದಿಸಿದರಷ್ಟೇ ಸಾಲದು. ಅದನ್ನು ಕೂಡಿಡುವ ಬ್ಯಾಟರಿ, ಗಡಿ ದಾಟಿಸುವ ತಂತಿಮಾರ್ಗ ಎರಡೂ ಬೇಕು. ಐರೋಪ್ಯ ಒಕ್ಕೂಟದ 2024ರ ಮಾರುಕಟ್ಟೆ ಸುಧಾರಣೆ ಹರಾಜಿನ ಕ್ರಮವನ್ನು ಹಾಗೆಯೇ ಉಳಿಸಿಕೊಂಡು, ದೀರ್ಘಾವಧಿ ಒಪ್ಪಂದಗಳ ಮೂಲಕ ಗ್ರಾಹಕರನ್ನು ಅನಿಲದ ಏರಿಳಿತದಿಂದ ಕಾಪಾಡಲು ಮುಂದಾಗಿದೆ.