ಸೋತೆತ್ತಿನ ಬಾಲ ಹಿಡಿದವರು

ಗೆದ್ದೆತ್ತಿನ ಬಾಲ ಹಿಡಿಯುವುದು ಲೋಕರೂಢಿ. ಇತಿಹಾಸಕಾರರೂ ಇದಕ್ಕೆ ಹೊರತಲ್ಲ. ಶಾಸನಗಳು ಹೊಗಳುವುದು ಗೆದ್ದ ಅರಸರನ್ನೇ. ಆದರೆ ಮನುಷ್ಯನ ಅಂತರಂಗವನ್ನು ಅರಿಯಬೇಕಾದರೆ ಸೋಲಿನ ಕಡೆಗೇ ಕಣ್ಣು ಹಾಯಿಸಬೇಕೆಂಬುದನ್ನು ನಮ್ಮ ಕವಿ ರನ್ನ ಸಾವಿರ ವರ್ಷಗಳ ಹಿಂದೆಯೇ ಬಲ್ಲವನಾಗಿದ್ದ. ‘ಗದಾಯುದ್ಧ’ದಲ್ಲಿ ಗೆದ್ದವನು ಭೀಮನಾದರೂ, ರಣರಂಗದಲ್ಲಿ ತನ್ನವರ ಹೆಣಗಳ ನಡುವೆ ಒಬ್ಬಂಟಿಯಾಗಿ ನಡೆಯುವ ದುರ್ಯೋಧನನೇ ಓದುಗರ ಮನಸ್ಸಿನಲ್ಲಿ ಉಳಿಯುತ್ತಾನೆ. ಈ ಪುಟಗಳಲ್ಲಿ ನಾನು ನಿವೇದಿಸಬಯಸುವುದೂ ಒಂದು ಸೋಲಿನ ಇತಿಹಾಸವನ್ನೇ. ಇದು ಅರಸರದಲ್ಲ, ಮೆಲ್ಬೋರ್ನ್ ನಗರದ ಒಂದು ಕಾಲ್ಚೆಂಡಿನ ತಂಡದ್ದು, ಅದಕ್ಕಿಂತ ಹೆಚ್ಚಾಗಿ ಆ ತಂಡವನ್ನು ನಂಬಿದ ಸಾಮಾನ್ಯ ಜನರದ್ದು.

ಮೆಲ್ಬೋರ್ನ್ ಕ್ರೀಡಾಂಗಣವೆಂದರೆ ಕನ್ನಡಿಗರಿಗೆ ನೆನಪಾಗುವುದು ಕ್ರಿಕೆಟ್. 1981ರಲ್ಲಿ ಇಲ್ಲಿಯೇ ನಮ್ಮ ಗುಂಡಪ್ಪ ವಿಶ್ವನಾಥ್ 114 ಓಟಗಳನ್ನು ಗಳಿಸಿದರು. ಭಾರತವು 59 ಓಟಗಳಿಂದ ಆ ಟೆಸ್ಟ್ ಪಂದ್ಯವನ್ನು ಗೆದ್ದುಕೊಂಡಿತು. 1996ರಲ್ಲಿ ಮದುವೆಯಾಗಿ ಈ ಊರಿಗೆ ಬಂದಾಗ ನನಗಿದ್ದ ತಿಳಿವಳಿಕೆಯೂ ಅಷ್ಟೇ. ಆದರೆ ಬಂದ ವಾರದಲ್ಲಿಯೇ ಬೇಲಿಯಾಚೆಯ ನೆರೆಯಾಕೆ ಕೇಳಿದ ಮೊದಲ ಪ್ರಶ್ನೆ, “ನೀನು ಯಾವ ತಂಡದವಳು?” ಎಂಬುದು. ನಮ್ಮ ಕಡೆ ಹೊಸಬರನ್ನು “ಯಾವ ಊರಿನವರು, ಯಾರ ಪೈಕಿ?” ಎಂದು ವಿಚಾರಿಸುವಂತೆಯೇ ಇದೂ ಎಂದು ಅರ್ಥವಾಗಲು ನನಗೆ ಕೆಲವು ತಿಂಗಳುಗಳೇ ಬೇಕಾದವು. ಆಕೆ ಕಾಲಿಂಗ್‌ವುಡ್‌ನವಳು. ನೆರೆಹೊರೆಯ ಸ್ನೇಹಕ್ಕೆ ಕಟ್ಟುಬಿದ್ದು ನಾನೂ ಕಾಲಿಂಗ್‌ವುಡ್‌ನವಳಾದೆ.

ಆಸ್ಟ್ರೇಲಿಯನ್ ರೂಲ್ಸ್ ಎಂದು ಕರೆಯಲ್ಪಡುವ ಈ ಆಟ ಈ ನಗರದಲ್ಲೇ ಹುಟ್ಟಿದ್ದು. ಅದರ ಮೊದಲ ನಿಯಮಗಳು ಲಿಖಿತರೂಪ ತಳೆದದ್ದು 1859ರಲ್ಲಿ. ಮೊಟ್ಟೆಯಾಕಾರದ ಚೆಂಡು, ಅಂಡಾಕಾರದ ವಿಶಾಲ ಬಯಲು, ಒಂದೊಂದು ಕಡೆಗೆ ಹದಿನೆಂಟು ಮಂದಿ ಆಟಗಾರರು. ಎರಡು ತುದಿಗಳಲ್ಲೂ ನಾಲ್ಕು ನಾಲ್ಕು ಕಂಬಗಳು. ನಡುವಿನ ಎರಡು ಕಂಬಗಳ ಮಧ್ಯೆ ಚೆಂಡನ್ನು ಒದ್ದರೆ ಗೋಲು, ಅದಕ್ಕೆ ಆರು ಅಂಕ. ಪಕ್ಕದ ಕಂಬಗಳ ಮಧ್ಯೆ ಹೋದರೆ ಬಿಹೈಂಡ್, ಅದಕ್ಕೆ ಒಂದೇ ಅಂಕ. ಈ ಒಂದು ಅಂಕ ಎಷ್ಟು ಕ್ರೂರವಾಗಬಲ್ಲದೆಂಬುದನ್ನು ಮುಂದೆ ನೋಡೋಣ.

ಕಾಲಿಂಗ್‌ವುಡ್ ತಂಡ ಸ್ಥಾಪನೆಯಾದದ್ದು 1892ರಲ್ಲಿ. ಆಗ ಅದು ಪಾದರಕ್ಷೆಯ ಕಾರ್ಖಾನೆಗಳ, ಇಕ್ಕಟ್ಟಾದ ಮನೆಗಳ, ಕೂಲಿಕಾರರ ಪೇಟೆ. ಕಪ್ಪು ಬಿಳುಪು ಪಟ್ಟೆಯ ಅಂಗಿ ಧರಿಸುವ ಈ ತಂಡಕ್ಕೆ ಅದೇ ಬಣ್ಣದ ಮ್ಯಾಗ್‌ಪೈ ಹಕ್ಕಿಯ ಹೆಸರು ಅಂಟಿಕೊಂಡಿತು. 1927ರಿಂದ 1930ರವರೆಗೆ ಸತತ ನಾಲ್ಕು ವರ್ಷ ಪ್ರಶಸ್ತಿ ಗೆದ್ದ ಅದರ ದಾಖಲೆಯನ್ನು ಇಂದಿಗೂ ಬೇರಾವ ತಂಡವೂ ಸರಿಗಟ್ಟಿಲ್ಲ. ವಾರವಿಡೀ ದುಡಿದು ಬಳಲಿದ ಜನರಿಗೆ ಶನಿವಾರದ ಮಧ್ಯಾಹ್ನ ತಲೆಯೆತ್ತಿ ನಡೆಯಲು ಇದೊಂದು ಕಾರಣವಾಗಿತ್ತು.

1958ರಲ್ಲಿ ಮತ್ತೊಮ್ಮೆ ಪ್ರಶಸ್ತಿ ಬಂದಿತು. ಆಮೇಲೆ ಬಂದದ್ದು ಬರಗಾಲ. 1960ರ ಅಂತಿಮ ಪಂದ್ಯದಲ್ಲಿ ಮೆಲ್ಬೋರ್ನ್ ತಂಡದೆದುರು 48 ಅಂಕಗಳ ಸೋಲು. 1964ರಲ್ಲಿ ಅದೇ ತಂಡದೆದುರು 4 ಅಂಕಗಳ ಸೋಲು. ಅಂದು ನಿರ್ಣಾಯಕ ಗೋಲನ್ನು ಹೊಡೆದವನು ಗೋಲು ಹೊಡೆಯುವುದು ತನ್ನ ಕೆಲಸವೇ ಅಲ್ಲದ ರಕ್ಷಣಾ ಆಟಗಾರ ನೀಲ್ ಕ್ರಾಂಪ್ಟನ್. 1966ರಲ್ಲಿ ಸೇಂಟ್ ಕಿಲ್ಡಾ ಎದುರು ಸೋತದ್ದು ಒಂದೇ ಒಂದು ಅಂಕದಿಂದ: ಕೊನೆಯ ಗಳಿಗೆಯಲ್ಲಿ ಬ್ಯಾರಿ ಬ್ರೀನ್ ಒದ್ದ ಚೆಂಡು ಗೋಲನ್ನೂ ತಲುಪದೆ ಪಕ್ಕದ ಕಂಬಗಳ ನಡುವೆ ಉರುಳಿಹೋಯಿತು, ಆ ಬಿಹೈಂಡೇ ಸಾಕಾಯಿತು.

ಇವೆಲ್ಲವನ್ನೂ ಮೀರಿಸಿದ್ದು 1970ರ ಸೆಪ್ಟೆಂಬರ್ 26ರ ಅಂತಿಮ ಪಂದ್ಯ. ಎದುರಾಳಿ, ಪಕ್ಕದ ಪೇಟೆಯ ಬದ್ಧವೈರಿ ಕಾರ್ಲ್‌ಟನ್. ಅಂದು ಕ್ರೀಡಾಂಗಣದಲ್ಲಿ ಸೇರಿದ್ದವರ ಸಂಖ್ಯೆ 1,21,696. ಈ ಆಟದ ಇತಿಹಾಸದಲ್ಲಿಯೇ ಅತ್ಯಧಿಕ. ವಿರಾಮದ ವೇಳೆಗೆ ಕಾಲಿಂಗ್‌ವುಡ್ 44 ಅಂಕಗಳಷ್ಟು ಮುಂದಿತ್ತು. ಪ್ರಶಸ್ತಿ ಕೈಗೆ ಬಂದಂತೆಯೇ ಎಂದು ಅಭಿಮಾನಿಗಳು ಕುಣಿಯತೊಡಗಿದ್ದರು. ಆದರೆ ಕಾರ್ಲ್‌ಟನ್ನಿನ ತರಬೇತುದಾರ ರಾನ್ ಬರಾಸಿ ವಿರಾಮದಲ್ಲಿ ತನ್ನ ಹುಡುಗರಿಗೆ, ಚೆಂಡನ್ನು ಒದೆಯುವುದಕ್ಕಿಂತ ಕೈಯಿಂದ ಗುದ್ದಿ ಸಾಗಿಸುತ್ತ ವೇಗವಾಗಿ ಮುನ್ನುಗ್ಗುವಂತೆ ಹೇಳಿದರು. ಹೊರಗೆ ಕುಳಿತಿದ್ದ ಟೆಡ್ ಹಾಪ್ಕಿನ್ಸ್ ಎಂಬ ತರುಣನನ್ನು ಒಳಗೆ ಕಳುಹಿಸಿದರು. ಆತ ನಾಲ್ಕು ಗೋಲುಗಳನ್ನು ಹೊಡೆದ. ಪಂದ್ಯ ಮುಗಿದಾಗ ಕಾರ್ಲ್‌ಟನ್ 111, ಕಾಲಿಂಗ್‌ವುಡ್ 101. ತರಬೇತುದಾರ ಬಾಬ್ ರೋಸ್ 1964, 1966, 1970ರ ಮೂರು ಅಂತಿಮ ಪಂದ್ಯಗಳನ್ನು ಒಟ್ಟು 15 ಅಂಕಗಳ ಅಂತರದಿಂದ ಕಳೆದುಕೊಂಡಂತಾಯಿತು.

ನನ್ನ ನೆರೆಯಾಕೆಗೆ ಆಗ ಹನ್ನೆರಡು ವರ್ಷ. ಪಾದರಕ್ಷೆಯ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ತಂದೆಯ ಜೊತೆ ಆಕೆ ಅಂದು ಅಲ್ಲಿದ್ದಳು. ವಿರಾಮದಲ್ಲಿ ತಂದೆ ಅವಳನ್ನು ಹೆಗಲ ಮೇಲೆ ಎತ್ತಿಕೊಂಡು, “ಚೆನ್ನಾಗಿ ನೋಡಿಕೋ, ನಿನ್ನ ಮೊಮ್ಮಕ್ಕಳಿಗೆ ಹೇಳಬೇಕು” ಎಂದಿದ್ದರಂತೆ. ಪಂದ್ಯ ಮುಗಿದ ಮೇಲೆ ಟ್ರ್ಯಾಮ್ ಹತ್ತದೆ ಇಬ್ಬರೂ ಮನೆಯವರೆಗೆ ನಡೆದೇ ಬಂದರು. ದಾರಿಯುದ್ದಕ್ಕೂ ಕಪ್ಪು ಬಿಳುಪು ಶಾಲು ಹೊದ್ದ ಜನ ಶವಸಂಸ್ಕಾರ ಮುಗಿಸಿ ಬರುವವರಂತೆ ಮೌನವಾಗಿ ನಡೆಯುತ್ತಿದ್ದರು. ಸೋಮವಾರ ಬೆಳಿಗ್ಗೆ ತಂದೆ ಅದೇ ಶಾಲನ್ನು ಕೊರಳಿಗೆ ಸುತ್ತಿಕೊಂಡು ಕೆಲಸಕ್ಕೆ ಹೊರಟಾಗ ತಾಯಿ, “ಇವತ್ತಾದರೂ ಅದನ್ನು ಬಿಟ್ಟು ಹೋಗಬಾರದೆ? ಎಲ್ಲರೂ ನಗುತ್ತಾರೆ” ಎಂದರು. “ಗೆದ್ದಿದ್ದರೆ ಬಿಟ್ಟು ಹೋಗಬಹುದಿತ್ತು” ಎಂಬುದಷ್ಟೇ ಅವರ ಉತ್ತರ.

ಸೋಲಿನ ಸರಮಾಲೆ ಅಲ್ಲಿಗೂ ಮುಗಿಯಲಿಲ್ಲ. 1977ರ ಅಂತಿಮ ಪಂದ್ಯ ನಾರ್ತ್ ಮೆಲ್ಬೋರ್ನ್ ಜೊತೆ 76–76 ಅಂಕಗಳಿಂದ ಸಮವಾಯಿತು. ಮುಂದಿನ ವಾರ ಮತ್ತೆ ಆಡಿ 27 ಅಂಕಗಳಿಂದ ಸೋತರು. 1979ರಲ್ಲಿ ಕಾರ್ಲ್‌ಟನ್ ಎದುರು 5 ಅಂಕಗಳ, 1980ರಲ್ಲಿ ರಿಚ್ಮಂಡ್ ಎದುರು 81 ಅಂಕಗಳ, 1981ರಲ್ಲಿ ಪುನಃ ಕಾರ್ಲ್‌ಟನ್ ಎದುರು 20 ಅಂಕಗಳ ಸೋಲು. ಇಪ್ಪತ್ತೆರಡು ವರ್ಷಗಳಲ್ಲಿ ಎಂಟು ಪರಾಭವಗಳು! ತಂಡದ ಮಾಜಿ ನಾಯಕ ಲೂ ರಿಚರ್ಡ್ಸ್ ಅವರೇ ಈ ಕಾಯಿಲೆಗೆ ‘ಕಾಲಿವಾಬಲ್ಸ್’ ಎಂದು ನಾಮಕರಣ ಮಾಡಿದರು. ಹೊಟ್ಟೆಯ ತಳಮಳವನ್ನು ಸೂಚಿಸುವ ಇಂಗ್ಲಿಷ್ ಪದಕ್ಕೆ ಊರಿನ ಹೆಸರನ್ನು ಬೆಸೆದ ಚೇಷ್ಟೆಯ ಮಾತದು. ಇಡೀ ನಗರವೇ ನಕ್ಕಿತು. ಆದರೂ ತಂಡದ ಆಟದ ಮನೆಯಾದ ವಿಕ್ಟೋರಿಯಾ ಪಾರ್ಕ್ ಬರಿದಾಗಲಿಲ್ಲ. ತಂದೆಯ ಶಾಲು ಮಗಳಿಗೆ, ಅಜ್ಜಿಯ ಟೋಪಿ ಮೊಮ್ಮಗನಿಗೆ ಇಳಿದುಬಂದವು. ಬೆಂಗಳೂರಿನ ತಂಡಕ್ಕಾಗಿ 2008ರಿಂದ 2025ರವರೆಗೆ “ಈ ಸಲ ಕಪ್ ನಮ್ದೇ” ಎನ್ನುತ್ತ ಕಾದ ನಮ್ಮವರಿಗೆ ಈ ನಿಷ್ಠೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಕೊನೆಗೆ 1990ರ ಅಕ್ಟೋಬರ್ 6ರಂದು ಎಸೆಂಡನ್ ತಂಡವನ್ನು 48 ಅಂಕಗಳಿಂದ ಸೋಲಿಸಿ ಕಾಲಿಂಗ್‌ವುಡ್ ಪ್ರಶಸ್ತಿ ಗೆದ್ದಿತು. ಮೂವತ್ತೆರಡು ವರ್ಷಗಳ ಬರಗಾಲ ಮುಗಿಯಿತು. ನೆರೆಯಾಕೆಯ ತಂದೆ ಅದನ್ನು ನೋಡಲು ಉಳಿದಿರಲಿಲ್ಲ.

ಕಥೆಯನ್ನು ಇಲ್ಲಿಗೇ ಮುಗಿಸಿದ್ದರೆ ಚೆನ್ನಾಗಿತ್ತು. ಆದರೆ ಇತಿಹಾಸ ಬರೆಯುವವರು ಪ್ರೀತಿಪಾತ್ರರ ದೋಷವನ್ನು ಮುಚ್ಚಿಡಬಾರದು. 1993ರ ಏಪ್ರಿಲ್ 17ರಂದು ವಿಕ್ಟೋರಿಯಾ ಪಾರ್ಕಿನಲ್ಲಿ ಕಾಲಿಂಗ್‌ವುಡ್ ಸೇಂಟ್ ಕಿಲ್ಡಾ ತಂಡಕ್ಕೆ ಸೋತಿತು. ಎದುರಾಳಿ ತಂಡದಲ್ಲಿ ಅಂದು ಅಮೋಘವಾಗಿ ಆಡಿದವರು ನಿಕಿ ವಿನ್ಮಾರ್ ಮತ್ತು ಗಿಲ್ಬರ್ಟ್ ಮೆಕ್ಆಡಮ್. ಇಬ್ಬರೂ ಈ ನೆಲದ ಮೂಲನಿವಾಸಿಗಳ ಮಕ್ಕಳು. ಕಾಲಿಂಗ್‌ವುಡ್ ಅಭಿಮಾನಿಗಳ ಗುಂಪಿನಿಂದ ಅವರ ಬಣ್ಣವನ್ನು ಹೀಯಾಳಿಸುವ ಮಾತುಗಳು ತೂರಿಬಂದವು. ಪಂದ್ಯ ಮುಗಿದೊಡನೆ ವಿನ್ಮಾರ್ ಆ ಗುಂಪಿನತ್ತ ತಿರುಗಿ, ಅಂಗಿಯನ್ನು ಮೇಲೆತ್ತಿ, ತನ್ನ ಕಪ್ಪು ಮೈಯನ್ನು ಬೆರಳಿನಿಂದ ತೋರಿಸಿ ನಿಂತರು. ಆ ಛಾಯಾಚಿತ್ರ ಆಸ್ಟ್ರೇಲಿಯಾದ ಇತಿಹಾಸದ ಒಂದು ಪುಟವೇ ಆಗಿಹೋಯಿತು. 2019ರಲ್ಲಿ ಪರ್ತ್ ನಗರದ ಕ್ರೀಡಾಂಗಣದೆದುರು ಅದೇ ಭಂಗಿಯ ಪ್ರತಿಮೆ ಸ್ಥಾಪನೆಗೊಂಡಿತು.

ಈ ಪ್ರಸಂಗವನ್ನು ನನಗೆ ಹೇಳಿದವಳು ಅದೇ ನೆರೆಯಾಕೆ. “ಆ ದಿನ ನಾನು ಮನೆಯಲ್ಲಿ ಟಿವಿ ಎದುರು ಕುಳಿತು ಅಳುತ್ತಿದ್ದೆ, ನಾವು ಸೋತೆವಲ್ಲ ಎಂದು. ಆತ ಅಂಗಿ ಎತ್ತಿದ್ದನ್ನು ಮರುದಿನ ಪತ್ರಿಕೆಯಲ್ಲಿ ನೋಡಿದೆ. ನನ್ನ ಅಳುವಿನ ಬಗ್ಗೆ ನನಗೇ ನಾಚಿಕೆಯಾಯಿತು” ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು ನನ್ನ ಕೈಯ ಕಡೆ ನೋಡಿದಳು. ಆ ಕೈಯೂ ಕಂದುಬಣ್ಣದ್ದೇ ಎಂಬುದು ಆ ಗಳಿಗೆಯಲ್ಲಿ ನಮ್ಮಿಬ್ಬರಿಗೂ ಹೊಳೆದಿರಬೇಕು. ನನ್ನನ್ನು ಆದರದಿಂದ ಬರಮಾಡಿಕೊಂಡ ಬಳಗದೊಳಗೆ ಇಂಥ ಕಹಿಯೂ ಇತ್ತೆಂಬುದನ್ನು ಅರಗಿಸಿಕೊಳ್ಳುವುದು ನನಗೆ ಸುಲಭವಾಗಲಿಲ್ಲ.

ಬದಲಾವಣೆ ನಿಧಾನವಾಗಿ ಬಂದಿತು. 1995ರಲ್ಲಿ ಮೈಕೆಲ್ ಲಾಂಗ್ ಎಂಬ ಎಸೆಂಡನ್ ಆಟಗಾರ, ಕಾಲಿಂಗ್‌ವುಡ್ ವಿರುದ್ಧದ ಪಂದ್ಯದಲ್ಲಿ ತಾನು ಕೇಳಿದ ನಿಂದನೆಯನ್ನು ಸಹಿಸಿ ಸುಮ್ಮನಿರಲು ಒಪ್ಪಲಿಲ್ಲ. ಅದೇ ವರ್ಷ ವರ್ಣನಿಂದನೆಯನ್ನು ನಿಷೇಧಿಸುವ ನಿಯಮ ಆಟದಲ್ಲಿ ಜಾರಿಗೆ ಬಂದಿತು. 2021ರಲ್ಲಿ ಹೊರಬಂದ ಸ್ವತಂತ್ರ ವರದಿಯೊಂದು ಕಾಲಿಂಗ್‌ವುಡ್ ಸಂಸ್ಥೆಯಲ್ಲಿಯೇ ವರ್ಣಭೇದ ಬೇರೂರಿತ್ತೆಂದು ಹೇಳಿತು. ಅಧ್ಯಕ್ಷರು ಸ್ಥಾನ ತ್ಯಜಿಸಿದರು, ಆಟಗಾರರು ಬಹಿರಂಗ ಪತ್ರದಲ್ಲಿ ಕ್ಷಮೆ ಯಾಚಿಸಿದರು. ನೆರೆಯಾಕೆ ಆ ಸುದ್ದಿಯನ್ನು ಓದಿ, “ಇದೂ ಒಂದು ಸೋಲೇ. ಆದರೆ ಇದಕ್ಕೆ ಎದುರಾಳಿ ಯಾರೂ ಇಲ್ಲ” ಎಂದಳು. ಆ ವರ್ಷವೂ ಆಕೆ ಸದಸ್ಯತ್ವದ ಹಣ ಕಟ್ಟಿದಳು. ಜೊತೆಗೆ ಸಂಸ್ಥೆಗೆ ಒಂದು ಕಟುವಾದ ಪತ್ರವನ್ನೂ ಬರೆದಳು.

2018ರ ಸೆಪ್ಟೆಂಬರ್ 29ರಂದು ನಾವಿಬ್ಬರೂ ನಮ್ಮ ಮನೆಯಲ್ಲಿ ಕುಳಿತು ಅಂತಿಮ ಪಂದ್ಯವನ್ನು ನೋಡಿದೆವು. ಕಾಲಿಂಗ್‌ವುಡ್ ಮೊದಲ ಐದು ಗೋಲುಗಳನ್ನೂ ತಾನೇ ಹೊಡೆಯಿತು. ಕಡೆಯ ನಿಮಿಷಗಳಲ್ಲಿ ವೆಸ್ಟ್ ಕೋಸ್ಟ್ ತಂಡದ ಡಾಮ್ ಶೀಡ್ ಬಯಲಿನ ಅಂಚಿನಿಂದ ಓರೆಯಾಗಿ ಒದ್ದ ಚೆಂಡು ಕಂಬಗಳ ನಡುವೆ ಹಾದುಹೋಯಿತು. ಸೋಲು 5 ಅಂಕಗಳಿಂದ. ಒಲೆಯ ಮೇಲಿಟ್ಟಿದ್ದ ಕಾಫಿ ಉಕ್ಕಿ ಚೆಲ್ಲಿದ್ದೂ ನನಗೆ ತಿಳಿಯಲಿಲ್ಲ. ನನ್ನ ಕಣ್ಣಲ್ಲಿ ನೀರು ಕಂಡು ನೆರೆಯಾಕೆ ನಕ್ಕಳು. “ಈಗ ನೀನು ನಿಜವಾಗಿಯೂ ಕಾಲಿಂಗ್‌ವುಡ್‌ನವಳಾದೆ” ಎಂದು ತನ್ನ ತಂದೆಯ ಹಳೆಯ ಶಾಲನ್ನು ನನ್ನ ಹೆಗಲಿಗೆ ಹೊದಿಸಿದಳು. ಐದು ವರ್ಷಗಳ ನಂತರ, 2023ರಲ್ಲಿ, ಬ್ರಿಸ್ಬೇನ್ ತಂಡವನ್ನು 4 ಅಂಕಗಳಿಂದ ಸೋಲಿಸಿ ಕಾಲಿಂಗ್‌ವುಡ್ ಗೆದ್ದಾಗಲೂ ನಾವು ಜೊತೆಯಲ್ಲೇ ಇದ್ದೆವು. ಆದರೆ ನಮ್ಮಿಬ್ಬರ ಮಾತಿನಲ್ಲಿ ಪದೇ ಪದೇ ಬರುವುದು 2018ರ ಆ ಸಂಜೆಯೇ.

ಸಮ್ಮೇಳನಕ್ಕೆ ಆಗಮಿಸಿರುವ ಬಂಧುಗಳೆ, ಹುಟ್ಟಿದೂರನ್ನು ಬಿಟ್ಟು ಬಂದ ನಾವೆಲ್ಲರೂ ಹೊಸ ನೆಲದಲ್ಲಿ ಯಾವಾಗ ಬೇರು ಬಿಟ್ಟೆವೆಂದು ಒಮ್ಮೊಮ್ಮೆ ಯೋಚಿಸುತ್ತೇವೆ. ಪೌರತ್ವದ ಪತ್ರ ಕೈಸೇರಿದ ದಿನವೇ, ಮನೆ ಕೊಂಡ ದಿನವೇ? ನನ್ನ ಮಟ್ಟಿಗೆ ಅದು, ಈ ಊರಿನವರ ಸೋಲು ನನ್ನ ಸೋಲೂ ಆದ ದಿನ. ಅದೇ ಹಕ್ಕಿನಿಂದ, ಸೋಲಿನ ಸಿಟ್ಟಿನಲ್ಲಿ ನನ್ನ ಬಳಗದವರು ಇನ್ನೊಬ್ಬರ ಬಣ್ಣವನ್ನು ಆಡಿಕೊಂಡರೆ ಸುಮ್ಮನಿರಲಾರೆ. ಆ ಶಾಲು ಈಗ ನಮ್ಮ ಮನೆಯ ಕಪಾಟಿನಲ್ಲಿ, ಅಮ್ಮ ಕೊಟ್ಟ ಇಳಕಲ್ ಸೀರೆಯ ಪಕ್ಕದಲ್ಲಿದೆ. ಮುಂದಿನ ಶನಿವಾರ ಪಂದ್ಯವಿದ್ದರೆ ಅದನ್ನು ಹೊದ್ದುಕೊಂಡೇ ಹೋಗುತ್ತೇನೆ, ಹಿಂದಿನ ವಾರ ಸೋತಿದ್ದರೂ ಸರಿಯೇ.