ಗೋಕರ್ಣದ ಪ್ಯಾರಡೈಸ್ ಬೀಚ್: ಬಾಡಿಗೆಯಿಲ್ಲದ ರಾತ್ರಿಗೆ ಬೇಕಾದ ತಯಾರಿ



ಮಳೆಗಾಲ ಮುಗಿಯುತ್ತಿದ್ದಂತೆ ನಮ್ಮ ಗೋವಾದ ಸಂಘದ ಯುವಕರು ಕೇಳುವ ಪ್ರಶ್ನೆ ಒಂದೇ: "ಸರ್, ಗೋಕರ್ಣದಲ್ಲಿ ದುಡ್ಡು ಕೊಡದೆ ಬೀಚಿನಲ್ಲೇ ಟೆಂಟ್ ಹಾಕಿ ಮಲಗಬಹುದಾ?" ಪ್ರತಿಯೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ.

ದಾರಿ: ಮಡಗಾಂವದಿಂದ ಕೊಂಕಣ ರೈಲಿನಲ್ಲಿ ಕಾರವಾರ, ಅಂಕೋಲಾ ದಾಟಿದರೆ ಗೋಕರ್ಣ ರೋಡ್ ನಿಲ್ದಾಣ. ಅಲ್ಲಿಂದ ಊರಿಗೆ ಬಸ್ಸು ಅಥವಾ ರಿಕ್ಷಾ. ಊರಿನ ದಕ್ಷಿಣಕ್ಕೆ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಬೀಚುಗಳು ಸಾಲಾಗಿವೆ. ಓಂ ಬೀಚಿನವರೆಗೆ ವಾಹನ ಹೋಗುತ್ತದೆ. ಮುಂದೆ ಗುಡ್ಡದ ಕಾಲುದಾರಿ ಹಿಡಿಯಬೇಕು, ಇಲ್ಲವೇ ದೋಣಿ ಹತ್ತಬೇಕು. ಬಂಡೆಗಳ ಮೇಲಿನ ಆ ದಾರಿಯನ್ನು ಕತ್ತಲಾಗುವ ಮೊದಲೇ ಮುಗಿಸಿ.

ಅನುಮತಿ: ಖಾಲಿ ಕಂಡ ಮರಳಿಗೆ ಯಜಮಾನರಿಲ್ಲ ಎಂದು ತಿಳಿಯಬೇಡಿ. ಹೋಗುವ ಮುನ್ನ ಗೋಕರ್ಣದ ಪೊಲೀಸ್ ಠಾಣೆಯಲ್ಲಿ ಮತ್ತು ಅರಣ್ಯ ಇಲಾಖೆಯವರಲ್ಲಿ ವಿಚಾರಿಸಿ. ಹೋದ ವರ್ಷ ಯಾರೋ ಮಲಗಿದ್ದರು ಎಂಬುದು ಅನುಮತಿ ಪತ್ರವಲ್ಲ. ಬೇಡ ಎಂದರೆ ಊರಿಗೆ ಮರಳಿ ಕೋಣೆ ಹಿಡಿಯಿರಿ.

ಉಬ್ಬರ: ಸಮುದ್ರ ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ ಏರುತ್ತದೆ. ಹಾಗಾಗಿ ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಮೇಲೆ ಬರುತ್ತದೆ. ಆದ್ದರಿಂದ ಹೊರಡುವಾಗ ಪಂಚಾಂಗವನ್ನೂ ನೋಡಿ. ಮರಳಿನಲ್ಲಿ ಒಣ ಕಸಕಡ್ಡಿಯ ಗೆರೆ ಎಲ್ಲಿದೆಯೋ ಅಲ್ಲಿಯವರೆಗೆ ನೀರು ಬಂದು ಹೋಗಿದೆ ಎಂದರ್ಥ. ಅದಕ್ಕಿಂತ ಸಾಕಷ್ಟು ಮೇಲೆ ಮಲಗಬೇಕು. ಒಮ್ಮೆ ಹುಣ್ಣಿಮೆಯ ಮರುದಿನ ನಾನೇ ಇದನ್ನು ಮರೆತಿದ್ದೆ. ನಡುರಾತ್ರಿ ಹಾಸಿಗೆ, ಚಪ್ಪಲಿ ನೀರುಪಾಲಾದವು. ಮಕ್ಕಳನ್ನು ಬಂಡೆಯ ಮೇಲೆ ಕೂರಿಸಿಕೊಂಡು ಬೆಳಗು ಮಾಡಿದೆವು. ಆ ಹೆದರಿಕೆ ಇಂದಿಗೂ ಹೋಗಿಲ್ಲ.

ಈಜು: ರಾತ್ರಿ ನೀರಿಗಿಳಿಯಬೇಡಿ. ಹಗಲಲ್ಲಿ ಸೆಳೆತ ಒಳಗೆ ಎಳೆದರೆ ಅದಕ್ಕೆದುರಾಗಿ ಈಜಿ ಸುಸ್ತಾಗಬೇಡಿ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ತಪ್ಪಿದ ಮೇಲೆ ದಡದತ್ತ ತಿರುಗಿ.

ಆಮೆ: ಉತ್ತರ ಕನ್ನಡದ ತೀರಗಳಿಗೆ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ, ನಮ್ಮ ಗೋವಾದ ಗಾಲ್ಜಿಬಾಗ್, ಅಗೋಂದಕ್ಕೂ ಬರುತ್ತವೆ. ಒಂದು ಗೂಡಿನಲ್ಲಿ ಸುಮಾರು 100 ಮೊಟ್ಟೆ. ಮರಿಗಳು ಹೊರಬಂದಾಗ ಬೆಳಕಿರುವ ದಿಕ್ಕೇ ಸಮುದ್ರವೆಂದು ಹೊರಡುತ್ತವೆ. ನಿಮ್ಮ ಬೆಂಕಿ, ಟಾರ್ಚು ಅವನ್ನು ದಾರಿ ತಪ್ಪಿಸುತ್ತವೆ. ಬೆಂಕಿ ಹಾಕಬೇಡಿ. ಆಮೆ ಕಂಡರೆ ದೂರ ಕುಳಿತುಕೊಳ್ಳಿ, ಫೋಟೊ ಬೇಡ. 1972ರ ವನ್ಯಜೀವಿ ಕಾಯ್ದೆಯಡಿ ಅದಕ್ಕೂ ಮೊಟ್ಟೆಗೂ ಪೂರ್ಣ ರಕ್ಷಣೆಯಿದೆ.

ಸಾಮಾನು: ಕುಡಿಯುವ ನೀರು, ಬುತ್ತಿ, ಔಷಧಿ, ಕಸಕ್ಕೊಂದು ಚೀಲ. ಎಲ್ಲಿಗೆ ಹೋಗುತ್ತೀರಿ, ಯಾವಾಗ ಮರಳುತ್ತೀರಿ ಎಂದು ಮನೆಯಲ್ಲಿ ಬರೆದಿಟ್ಟು ಹೊರಡಿ. ಮೊಬೈಲ್ ಸಿಗ್ನಲ್ ನಂಬಬೇಡಿ.

ಕೋಣೆಯ ಬಾಡಿಗೆ ಉಳಿಯುತ್ತದೆ ನಿಜ. ಆದರೆ ಅಲ್ಲಿ ಕಾವಲುಗಾರನೂ ಇಲ್ಲ, ಕಸ ಗುಡಿಸುವವನೂ ಇಲ್ಲ. ಆ ಎರಡೂ ಕೆಲಸ ನಮ್ಮದೇ.

— ಕಾರ್ಯದರ್ಶಿ