ಲಾಹುರೆ: ಒಂದು ಪದದಲ್ಲಿ ನೇಪಾಳದ ಕಥೆ

ನೀವು ಮುಂಬೈಯಲ್ಲಿರಿ, ಪುಣೆಯಲ್ಲಿರಿ, ಅಕ್ಕಪಕ್ಕದ ಯಾವುದಾದರೂ ಬಿಲ್ಡಿಂಗಿನ ಗೇಟಿನಲ್ಲಿ ಒಬ್ಬ ನೇಪಾಳಿಯನ್ನು ನೋಡಿರುತ್ತೀರಿ. ಗೂರ್ಖಾ ಅಂತ ಕರೆದು ಸುಮ್ಮನಾಗುತ್ತೇವೆ. ಆದರೆ ದುಡಿಯಲು ಪರದೇಶಕ್ಕೆ ಹೋದವರಿಗೆ ನೇಪಾಳದಲ್ಲೇ ಒಂದು ಹೆಸರಿದೆ: ಲಾಹುರೆ. ಈ ಪದ ಬಂದದ್ದು ಎಲ್ಲಿಂದ ಗೊತ್ತಾ? ಲಾಹೋರ್‌ನಿಂದ. 19ನೇ ಶತಮಾನದ ಆರಂಭದಲ್ಲಿ ಮಹಾರಾಜ ರಣಜಿತ್ ಸಿಂಗ್‌ನ ಸೈನ್ಯ ಸೇರಲು ಗುಡ್ಡಗಾಡಿನ ಯುವಕರು ಲಾಹೋರ್‌ಗೆ ನಡೆದರು. ಸಿಖ್ ರಾಜ್ಯ ಹೋಯಿತು, ಪದ ಉಳಿಯಿತು. ಇಂದು ಕತಾರ್, ಮಲೇಷ್ಯಾಕ್ಕೆ ಹೋದವನೂ ಲಾಹುರೆಯೇ.

ಬೆಟ್ಟದ ನಾಡು, ಸಮುದ್ರವಿಲ್ಲ, ಅದಕ್ಕೇ ಬಡತನ ಅಂತ ಪಾಠಪುಸ್ತಕದ ಶೈಲಿಯಲ್ಲಿ ಹೇಳಿಬಿಡಬಹುದು. ಆದರೆ ಇತಿಹಾಸ ಅಷ್ಟು ಸರಳವಲ್ಲ. ಒಂದು ಕಾಲಕ್ಕೆ ಇದೇ ಬೆಟ್ಟಗಳ ಕಣಿವೆದಾರಿಗಳೇ ನೇಪಾಳದ ಸಂಪತ್ತು. ಟಿಬೆಟ್‌ನ ಉಪ್ಪು, ಉಣ್ಣೆ ಕೆಳಗಿಳಿಯುತ್ತಿತ್ತು. ಅಕ್ಕಿ, ಬಟ್ಟೆ ಮೇಲೇರುತ್ತಿತ್ತು. ಕಾಠ್ಮಂಡು ಕಣಿವೆಯ ಮಲ್ಲ ರಾಜರು ಟಂಕಿಸಿದ ಬೆಳ್ಳಿ ನಾಣ್ಯ ಟಿಬೆಟ್‌ನಲ್ಲೂ ಚಲಾವಣೆಯಲ್ಲಿತ್ತು. ಕಾಶ್ಮೀರಿ ಮುಸ್ಲಿಂ ವ್ಯಾಪಾರಿಗಳ ಕೋಠಿಗಳು ಪಾಟ್ನಾ, ಕಾಠ್ಮಂಡು, ಲಾಸಾ ಮೂರೂ ಕಡೆ ಇದ್ದವು. ಅವರ ಕುರುಹಾಗಿ ಕಾಠ್ಮಂಡುವಿನ ಗಂಟೆಗೋಪುರದ ಬಳಿ ಕಾಶ್ಮೀರಿ ಮಸೀದಿ ಇವತ್ತಿಗೂ ಇದೆ.

ಆಮೇಲೆ ಏನಾಯಿತು? 1814ರಿಂದ 1816ರವರೆಗೆ ಈಸ್ಟ್ ಇಂಡಿಯಾ ಕಂಪನಿಯ ಜೊತೆ ಯುದ್ಧ. ಸುಗೌಲಿ ಒಪ್ಪಂದದಲ್ಲಿ ನೇಪಾಳ ತನ್ನ ನೆಲದ ದೊಡ್ಡ ಭಾಗ ಕಳೆದುಕೊಂಡಿತು. ಸೋತವರ ಶೌರ್ಯ ಕಂಡ ಕಂಪನಿ 1815ರಿಂದಲೇ ಗೂರ್ಖಾ ಪಡೆಗಳನ್ನು ಕಟ್ಟತೊಡಗಿತು. 1904ರಲ್ಲಿ ಯಂಗ್‌ಹಸ್ಬೆಂಡ್‌ನ ದಂಡು ಲಾಸಾ ತಲುಪಿದ ಮೇಲೆ ವ್ಯಾಪಾರ ಸಿಕ್ಕಿಂ ಕಡೆಯ ದಾರಿ ಹಿಡಿಯಿತು. ಕಾಠ್ಮಂಡುವಿನ ದಾರಿ ಸೊರಗಿತು. ಸರಕು ಸಾಗಿಸುತ್ತಿದ್ದ ದೇಶ ಈಗ ಜನರನ್ನೇ ಸಾಗಿಸತೊಡಗಿತು ನೋಡಿ! ಮೊದಲ ಮಹಾಯುದ್ಧದಲ್ಲೇ ಸುಮಾರು 2 ಲಕ್ಷ ಗೂರ್ಖಾಗಳು ಬ್ರಿಟಿಷರ ಪರ ಸೇವೆಗಿಳಿದರು.

ಈ ನಡುವೆ ದೇಶದೊಳಗೆ 1846ರಿಂದ 1951ರವರೆಗೆ ರಾಣಾಗಳ ಆಳ್ವಿಕೆ. ಖಜಾನೆ ಅವರ ಮನೆಯ ತಿಜೋರಿಯಂತಿತ್ತು. ಅರಮನೆಗಳು ಎದ್ದವು, ಶಾಲೆಗಳು ಏಳಲಿಲ್ಲ. ಅವರು ಹೋದಾಗ ನೂರಕ್ಕೆ ಸುಮಾರು 5 ಮಂದಿಗೆ ಮಾತ್ರ ಓದು ಬರಹ ಬರುತ್ತಿತ್ತು. ಮೇಷ್ಟರಾದ ನನಗೆ ಸುಗೌಲಿಗಿಂತ ದೊಡ್ಡ ಸೋಲು ಅಂತ ಅನಿಸುವುದು ಇದೇ.

ಇನ್ನು ಇವತ್ತಿನ ಲೆಕ್ಕ. ಪರದೇಶದಿಂದ ಬರುವ ಹಣ ನೇಪಾಳದ ಒಟ್ಟು ಉತ್ಪನ್ನದ ಸುಮಾರು ಕಾಲು ಭಾಗಕ್ಕೆ ಸಮ. ಆ ಹಣದಿಂದ ಮಕ್ಕಳ ಫೀಸು, ಔಷಧಿ, ಸಿಮೆಂಟಿನ ಮನೆ. ಬಡತನ ಇಳಿದದ್ದು ನಿಜ, ಅದನ್ನು ಅಲ್ಲಗಳೆಯಬಾರದು. ಆದರೆ ಅಕ್ಕಿಯಿಂದ ಪೆಟ್ರೋಲ್‌ವರೆಗೆ ಎಷ್ಟೋ ಸಾಮಾನು ಹೊರಗಿನಿಂದಲೇ ಬರಬೇಕು. ಹಾಗಾಗಿ ಬಂದ ಹಣ ಆಮದಿನ ದಾರಿಯಲ್ಲಿ ವಾಪಸ್ ಹೊರಟುಬಿಡುತ್ತದೆ. ಆ ಆಮದಿನ ಮೇಲಿನ ಸುಂಕವೇ ಸರ್ಕಾರದ ದೊಡ್ಡ ಆದಾಯ. ಅಂದರೆ ಮಗ ಮರಳುಗಾಡಿನಲ್ಲಿ ಬೆವರು ಸುರಿಸಿದರೇನೇ ಇಲ್ಲಿ ಸರ್ಕಾರ ನಡೆಯೋದು. 2015ರ ಏಪ್ರಿಲ್ ಭೂಕಂಪದಲ್ಲಿ ಎಷ್ಟೋ ಹಳ್ಳಿಗಳಲ್ಲಿ ಅವಶೇಷ ಎತ್ತಲು ಉಳಿದಿದ್ದವರು ಹೆಂಗಸರು, ಮುದುಕರು. ಅದೇ ವರ್ಷ ಭಾರತದ ಗಡಿಯಲ್ಲಿ ಲಾರಿಗಳು ನಿಂತಾಗ ಅಡುಗೆ ಅನಿಲಕ್ಕೂ ತತ್ವಾರವಾಯಿತು.

ದಾರಿ ಪೂರ್ತಿ ಮುಚ್ಚಿಲ್ಲ. ಹಿಂದೆ ದಿನಕ್ಕೆ 10 ಗಂಟೆಗೂ ಹೆಚ್ಚು ಕರೆಂಟ್ ಇಲ್ಲದೆ ಕೂರುತ್ತಿದ್ದ ದೇಶ, ತನ್ನ ನದಿಗಳಿಂದ ವಿದ್ಯುತ್ ಮಾಡಿ 2021ರಿಂದ ಮಳೆಗಾಲದಲ್ಲಿ ಭಾರತಕ್ಕೆ ಮಾರುತ್ತಿದೆ. ಬೆಟ್ಟ ಶಾಪವಲ್ಲ ಅನ್ನುವುದಕ್ಕೆ ಇಷ್ಟು ಸಾಕಲ್ವಾ?

ನಮ್ಮ ಕರಾವಳಿಯ ಎಷ್ಟು ಮನೆಗಳು ಗಲ್ಫ್ ಹಣದಿಂದ ನಿಂತಿಲ್ಲ ಹೇಳಿ? ಅದಕ್ಕೇ ಈ ಇತಿಹಾಸ ನಮಗೆ ದೂರದ್ದಲ್ಲ. ಹಣ ಕಳಿಸಿದವನು ತನ್ನ ಪಾಲಿನ ಕೆಲಸ ಮಾಡಿದ್ದಾನೆ. ಅವನ ಮಗ ಊರಲ್ಲೇ ದುಡಿಯುವ ಹಾಗೆ ಆ ಹಣದಿಂದ ನಾವೇನು ಕಟ್ಟಿದೆವು ಅನ್ನೋದು ಉಳಿದವರ ಪಾಲಿನ ಪ್ರಶ್ನೆ. ನಾಳೆ ಗೇಟಿನಲ್ಲಿ ಆ ನೇಪಾಳಿ ಸಿಕ್ಕರೆ, ಊರು ಯಾವುದು ಅಂತ ಒಮ್ಮೆ ಕೇಳಿ ನೋಡಿ.